ತಂಗಿಯನ್ನು ಬಿ.ಕಾಂ.ಗೆ ಎಲ್ಲಿ ಸೇರಿಸುವುದು? ಕೈಯಲ್ಲಿ ಹಣ ಕಡಿಮೆ. ಬಂಟ್ವಾಳ, ಮಂಗಳೂರು ಕಡೆಯವರ ಸಲಹೆ ಬೇಕು

ಸಜೀಪದ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ಸಲ ದ್ವಿತೀಯ ಪಿಯುಸಿಯ ವಾಣಿಜ್ಯ ವಿಭಾಗದಲ್ಲಿ ಶೇ. 91 ಅಂಕ ಪಡೆದು ಪಾಸಾಗಿದ್ದಾಳೆ. ಬಿ.ಕಾಂ. ಓದಬೇಕು, ಸಾಧ್ಯವಾದರೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮಾಡಬೇಕು ಎಂಬುದು ಅವಳ ಆಸೆ. ಮನೆಯ ಪರಿಸ್ಥಿತಿಯನ್ನು ಮುಚ್ಚಿಟ್ಟು ಸಲಹೆ ಕೇಳಿದರೆ ಪ್ರಯೋಜನವಿಲ್ಲವಾದ್ದರಿಂದ ಇದ್ದುದನ್ನು ಇದ್ದಂತೆಯೇ ಬರೆಯುತ್ತೇನೆ. ಅಮ್ಮ ಬೀಡಿ ಕಟ್ಟುತ್ತಾರೆ. ಅಪ್ಪ ಅಡಿಕೆ ಮರ ಹತ್ತುವ ಕೆಲಸ ಮಾಡುತ್ತಿದ್ದರು. ಬೆನ್ನುನೋವು ಹೆಚ್ಚಾದ ಮೇಲೆ ಅದನ್ನು ಬಿಟ್ಟಿದ್ದಾರೆ. ನಾನು ಬಿ.ಸಿ.ರೋಡಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದೇನೆ. ಬಿಪಿಎಲ್ ಕಾರ್ಡ್ ಇದೆ, ಹಿಂದುಳಿದ ವರ್ಗಗಳ ಪ್ರವರ್ಗ 2ಎ.

ನಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಮಂಗಳೂರಿನ ಒಂದು ಖಾಸಗಿ ಕಾಲೇಜು, ಅಲ್ಲಿ ಬಿ.ಕಾಂ. ಜೊತೆಗೆ ಸಿಎ ತರಬೇತಿಯನ್ನೂ ಸೇರಿಸಿ ವರ್ಷಕ್ಕೆ 72,000 ರೂಪಾಯಿ ಹೇಳಿದ್ದಾರೆ, ಸೇರುವಾಗ ಅರ್ಧ ಕಟ್ಟಬೇಕು. ಎರಡನೆಯದು ಮಂಗಳೂರಿನಲ್ಲೇ ಇರುವ ಹಳೆಯ ಅನುದಾನಿತ ಕಾಲೇಜು. ಮೂರನೆಯದು ಬಂಟ್ವಾಳ ಸಮೀಪದ ಕಾಮಾಜೆಯ ಸರಕಾರಿ ಪ್ರಥಮ ದರ್ಜೆ ಕಾಲೇಜು. ಇಷ್ಟು ಅಂಕ ಬಂದ ಹುಡುಗಿಯನ್ನು ಸರಕಾರಿ ಕಾಲೇಜಿಗೆ ಹಾಕುವುದೇ ಎಂದು ನೆಂಟರು ಕೇಳುತ್ತಿದ್ದಾರೆ. ಖಾಸಗಿ ಕಾಲೇಜಿನವರು ಶನಿವಾರದೊಳಗೆ ಹಣ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎನ್ನುತ್ತಿದ್ದಾರೆ. ಅಮ್ಮ ತನ್ನ ಪಿಎಫ್ ತೆಗೆಸುತ್ತೇನೆ ಎಂದು ಹೊರಟಿದ್ದಾರೆ. ಏನು ಮಾಡುವುದು ಸರಿ?

ನಿವೃತ್ತ ಉಪನ್ಯಾಸಕ, ಉಡುಪಿ

ಮೊದಲನೆಯದಾಗಿ, ಶನಿವಾರದ ಗಡುವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕರಾವಳಿಯಲ್ಲಿ ಬಿ.ಕಾಂ. ಸೀಟಿಗೆ ಬರಗಾಲವಿಲ್ಲ. ಹಣ ಕಟ್ಟಿಸಿಕೊಳ್ಳುವ ಆತುರ ಅವರದು. ವಿಚಾರಿಸಿ ನಿರ್ಧರಿಸಲು ನಿಮಗೆ ಇನ್ನೂ ಸಮಯವಿದೆ.

ನೀವು ಎರಡನೆಯ ದಾರಿಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ಆದರೆ ಹೆಚ್ಚು ವಿಚಾರಿಸಬೇಕಾದುದು ಅದನ್ನೇ. ಅನುದಾನಿತ ಕಾಲೇಜು ಎಂದ ಮಾತ್ರಕ್ಕೆ ಅಲ್ಲಿನ ಎಲ್ಲ ಕೋರ್ಸುಗಳೂ ಅನುದಾನಿತವಾಗಿರುವುದಿಲ್ಲ. ಹಿಂದೆ ಮಂಜೂರಾದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ವಿಭಾಗಗಳ ಅಧ್ಯಾಪಕರಿಗೆ ಸಂಬಳವನ್ನು ಸರಕಾರ ಕೊಡುತ್ತದೆ, ಆದ್ದರಿಂದ ಅಲ್ಲಿ ಶುಲ್ಕ ಕಡಿಮೆ. ಅದೇ ಕಟ್ಟಡದಲ್ಲಿ ಆಮೇಲೆ ಶುರುವಾದ ಬಿಸಿಎ, ಬಿಬಿಎ ಮತ್ತು ಬಿ.ಕಾಂ.ನ ಹೆಚ್ಚುವರಿ ಸೆಕ್ಷನ್‌ಗಳಿಗೆ ಅನುದಾನವಿಲ್ಲ. ಅಲ್ಲಿನ ಅಧ್ಯಾಪಕರ ಸಂಬಳ ಮಕ್ಕಳ ಶುಲ್ಕದಿಂದಲೇ ಬರಬೇಕು. ಹೀಗಾಗಿ ಒಂದೇ ಕಾಲೇಜಿನಲ್ಲಿ, ಒಂದೇ ಪದವಿಗೆ, ಪಕ್ಕಪಕ್ಕದ ಎರಡು ತರಗತಿಗಳಲ್ಲಿ ಕುಳಿತ ಇಬ್ಬರು ಮಕ್ಕಳು ಕಟ್ಟುವ ಹಣದಲ್ಲಿ ಹಲವು ಪಟ್ಟು ವ್ಯತ್ಯಾಸವಿರುವುದು ಸಾಮಾನ್ಯ. ಅರ್ಜಿ ನಮೂನೆಯಲ್ಲಿ ಇದು ಎದ್ದು ಕಾಣುವುದಿಲ್ಲ. ಕಚೇರಿಯ ಕಿಟಕಿಯ ಬಳಿ ನಿಂತು, ‘ಅನುದಾನಿತ ಬಿ.ಕಾಂ. ವಿಭಾಗದಲ್ಲಿ ಸೀಟು ಬೇಕು, ಆ ವಿಭಾಗದ ಪೂರ್ತಿ ಶುಲ್ಕಪಟ್ಟಿ ಕೊಡಿ’ ಎಂದು ಹೆಸರು ಹೇಳಿಯೇ ಕೇಳಬೇಕು. ನಿಮ್ಮ ತಂಗಿಯ ಅಂಕಕ್ಕೆ ಅಂಥ ಸೀಟು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಆ ಸೀಟುಗಳು ಮೊದಲ ಪಟ್ಟಿಯಲ್ಲೇ ತುಂಬುವುದರಿಂದ ಅರ್ಜಿಯನ್ನು ತಡಮಾಡಬಾರದು.

ಹಳೆಯ ಹೆಸರುಗಳನ್ನು ಹಳೆಯ ಲೆಕ್ಕದಲ್ಲಿ ನಂಬಬೇಡಿ ಎಂಬ ಮಾತನ್ನೂ ಸೇರಿಸುತ್ತೇನೆ. ಉದಾಹರಣೆಗೆ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯದ (ವಿಶ್ವವಿದ್ಯಾನಿಲಯಕ್ಕೆ ಸಮಾನ) ಸ್ಥಾನ ಪಡೆದಿದೆ. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜನ್ನು ಹಿರಿಯರು ಇಂದಿಗೂ ಗವರ್ನಮೆಂಟ್ ಕಾಲೇಜು ಎನ್ನುತ್ತಾರೆ, ಆದರೆ ಅದು ಮಂಗಳೂರು ವಿಶ್ವವಿದ್ಯಾನಿಲಯದ ಘಟಕ ಕಾಲೇಜು. ಪ್ರತಿಯೊಂದರ ಶುಲ್ಕವನ್ನೂ ಈ ವರ್ಷದ ಪಟ್ಟಿ ನೋಡಿಯೇ ತಿಳಿಯಬೇಕು. ನಿಮ್ಮ ಮನೆಗೆ ಹತ್ತಿರದ ಬಂಟ್ವಾಳದ ಎಸ್‌ವಿಎಸ್ ಕಾಲೇಜನ್ನು ಪಟ್ಟಿಯಿಂದ ಯಾಕೆ ಬಿಟ್ಟಿರಿ? ಅಲ್ಲಿಯೂ ಒಮ್ಮೆ ವಿಚಾರಿಸಿ.

ಸರಕಾರಿ ಕಾಲೇಜಿನ ಬಗ್ಗೆ ನೆಂಟರ ಮಾತಿಗೆ ನನ್ನ ಸಹಮತವಿಲ್ಲ. ಆದರೂ ಅಲ್ಲಿನ ಒಂದು ಕೊರತೆ ನಿಜವಾದದ್ದು. ಖಾಯಂ ಅಧ್ಯಾಪಕರು ಸಾಲದೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡ ವಿಭಾಗಗಳಲ್ಲಿ, ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಕಳೆಯುತ್ತವೆ. ಆದ್ದರಿಂದ ಕಾಮಾಜೆಗೆ ಹೋದಾಗ ಬರೀ ಕಟ್ಟಡ ನೋಡಿ ಬರಬೇಡಿ. ವಾಣಿಜ್ಯ ವಿಭಾಗದಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ, ಕಳೆದ ವರ್ಷ ಪಾಠ ಯಾವಾಗ ಶುರುವಾಯಿತು ಎಂಬುದನ್ನು ಎರಡನೆಯ ವರ್ಷದ ವಿದ್ಯಾರ್ಥಿನಿಯರಲ್ಲಿ ಕೇಳಿ. ಮಕ್ಕಳು ಇಂಥ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ, ಪ್ರಾಂಶುಪಾಲರು ಕೆಲವೊಮ್ಮೆ ಹೇಳುತ್ತಾರೆ. (ನಾನೂ ಕೆಲಕಾಲ ಪ್ರಾಂಶುಪಾಲನಾಗಿದ್ದವನು.)

ಆಡಿಟರ್ ಕಚೇರಿ, ಕೊಡಿಯಾಲಬೈಲ್

ಸಿಎ ತರಬೇತಿ ಸೇರಿಸಿದ 72,000 ರೂಪಾಯಿಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಪ್ರತಿವರ್ಷ ನಮ್ಮ ಕಚೇರಿಗೆ ಆರ್ಟಿಕಲ್‌ಶಿಪ್‌ಗೆಂದು (ಸಿಎ ಓದುವವರು ಆಡಿಟರ್ ಬಳಿ ಪಡೆಯಬೇಕಾದ ತರಬೇತಿ) ಬರುವ ಮಕ್ಕಳಲ್ಲಿ ಈ ಗೊಂದಲವನ್ನು ನೋಡುತ್ತಿರುತ್ತೇನೆ.

ಸಿಎ ಪರೀಕ್ಷೆಯನ್ನು ನಡೆಸುವುದು ಐಸಿಎಐ ಎಂಬ ಲೆಕ್ಕಪರಿಶೋಧಕರ ಸಂಸ್ಥೆ, ಕಾಲೇಜಲ್ಲ. ಕಾಲೇಜಿನ ಪ್ಯಾಕೇಜಿಗೆ ಹಣ ಕಟ್ಟಿದರೂ ಐಸಿಎಐಗೆ ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕಗಳನ್ನು ಪ್ರತ್ಯೇಕವಾಗಿ ಕಟ್ಟಲೇಬೇಕು. ಪಿಯುಸಿ ಮುಗಿಸಿದವರು ಫೌಂಡೇಶನ್ ಎಂಬ ಮೊದಲ ಹಂತದ ಪರೀಕ್ಷೆಯ ಮೂಲಕ ಒಳಬರುತ್ತಾರೆ. ಇನ್ನೊಂದು ಬಾಗಿಲೂ ಇದೆ: ಬಿ.ಕಾಂ.ನಲ್ಲಿ ಶೇ. 55 ಅಂಕ ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅಂದರೆ ಇವತ್ತು ಪ್ಯಾಕೇಜ್ ತೆಗೆದುಕೊಳ್ಳದಿದ್ದರೆ ಸಿಎ ದಾರಿ ಮುಚ್ಚಿಹೋಗುತ್ತದೆ ಎಂಬುದು ಶುದ್ಧ ಸುಳ್ಳು. ಫೌಂಡೇಶನ್, ಇಂಟರ್‌ಮೀಡಿಯೆಟ್ ಎರಡಕ್ಕೂ ಐಸಿಎಐ ತಾನೇ ಆನ್‌ಲೈನಿನಲ್ಲಿ ಉಚಿತ ನೇರ ತರಗತಿಗಳನ್ನು ನಡೆಸುತ್ತದೆ, ಪಠ್ಯಸಾಮಗ್ರಿಯನ್ನೂ ತನ್ನ ಜಾಲತಾಣದಲ್ಲಿ ಇಟ್ಟಿದೆ. ಒಂದು ಸಾಧಾರಣ ಫೋನು, ಮನೆಯಲ್ಲಿ ಸದ್ದಿಲ್ಲದ ಎರಡು ಗಂಟೆ ಇದ್ದರೆ ಸಾಕು. (ಎರಡನೆಯದು ಮೊದಲನೆಯದಕ್ಕಿಂತ ದುರ್ಲಭ ಎಂದು ಬಲ್ಲೆ.)

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ಸಿಎ ಕಷ್ಟದ ಪರೀಕ್ಷೆ. ಮೊದಲ ಯತ್ನದಲ್ಲಿ ತೇರ್ಗಡೆಯಾಗದವರೇ ಹೆಚ್ಚು. ಮೂರು ವರ್ಷಗಳ ಪ್ಯಾಕೇಜಿಗೆ ಮುಂಗಡವಾಗಿ ಒಪ್ಪಿಕೊಂಡು, ಮೊದಲ ವರ್ಷದಲ್ಲೇ ‘ನನಗಿದು ಬೇಡ’ ಎಂದು ಹುಡುಗಿಗೆ ಅನ್ನಿಸಿದರೆ ಅವಳು ಅದನ್ನು ಬಾಯಿಬಿಟ್ಟು ಹೇಳಲಾರಳು. ಅಮ್ಮನ ಪಿಎಫ್ ಹಣ ಅದರಲ್ಲಿದೆ ಎಂದು ಗೊತ್ತಿರುವ ಮಗಳು ಅದನ್ನು ಹೇಳುವುದು ಇನ್ನೂ ಕಷ್ಟ. ಕಡಿಮೆ ಖರ್ಚಿನಲ್ಲಿ ಬಿ.ಕಾಂ. ಸೇರಲಿ, ಮೊದಲ ಎರಡು ಸೆಮಿಸ್ಟರ್ ಚೆನ್ನಾಗಿ ಓದಲಿ, ಆಮೇಲೂ ಆಸೆ ಹಾಗೆಯೇ ಇದ್ದರೆ ಉಳಿದ ಹಣವನ್ನು ಸಿಎಗೆಂದೇ ಖರ್ಚು ಮಾಡಿ. ಆರ್ಟಿಕಲ್‌ಶಿಪ್ ಈಗ ಎರಡು ವರ್ಷ; ಆ ಅವಧಿಯಲ್ಲಿ ಸ್ಟೈಪೆಂಡ್ ಬರುತ್ತದೆ, ದೊಡ್ಡ ಮೊತ್ತವಲ್ಲದಿದ್ದರೂ ಬಸ್ಸಿಗೆ, ಊಟಕ್ಕೆ ಆಗುತ್ತದೆ. ಅಭ್ಯರ್ಥಿ ಯಾವ ಕಾಲೇಜಿನಿಂದ ಬಂದವರು ಎಂದು ನಮ್ಮ ಕಚೇರಿಯಲ್ಲಿ ಯಾರೂ ನೋಡುವುದಿಲ್ಲ. ಲೆಡ್ಜರ್ ಓದಲು ಬರುತ್ತದೆಯೇ, ಜಿಎಸ್‌ಟಿಯ ಅರಿವಿದೆಯೇ ಎಂದು ನೋಡುತ್ತೇವೆ.

ಸುರತ್ಕಲ್ ಪೋಷಕ

ಇಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕೆನಿಸಿತು. ನನ್ನ ಮಗ ಖಾಸಗಿ ಕಾಲೇಜಿನಲ್ಲಿ ಓದಿದ. ಅಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ಬರುತ್ತವೆ, ಇಂಗ್ಲಿಷಿನಲ್ಲಿ ಮಾತನಾಡುವ ಅಭ್ಯಾಸವಾಗುತ್ತದೆ, ಒಟ್ಟಿಗೆ ಓದುವವರ ಮಟ್ಟವೇ ಬೇರೆ. ಹಳ್ಳಿಯ ಹುಡುಗಿಗೆ ಈ ವಾತಾವರಣ ಇನ್ನೂ ಹೆಚ್ಚು ಬೇಕಲ್ಲವೇ? ಬಡವರ ಮಕ್ಕಳು ಎಂದೂ ಅಗ್ಗದ ಕಾಲೇಜಿಗೇ ಹೋಗಬೇಕು ಎಂದರೆ ಅವರು ಇದ್ದಲ್ಲೇ ಇರಬೇಕು ಎಂದಂತಾಗುತ್ತದೆ. ಶಿಕ್ಷಣ ಸಾಲವೂ ಸಿಗುತ್ತದೆ.

ಕಾರ್‌ಸ್ಟ್ರೀಟ್‌ನ ಹಳೆಯ ವಿದ್ಯಾರ್ಥಿನಿ

ಸುರತ್ಕಲ್‌ನವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಒಪ್ಪುತ್ತೇನೆ. ನಾನು ಮಂಗಳೂರು ರಥಬೀದಿಯ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿ ಈಗ ಬ್ಯಾಂಕಿನಲ್ಲಿದ್ದೇನೆ. ಇಂಗ್ಲಿಷ್ ನನಗೆ ಕಾಲೇಜಿನಿಂದ ಬರಲಿಲ್ಲ. ಅದಕ್ಕಾಗಿ ನಾನೇ ಹೆಣಗಬೇಕಾಯಿತು, ದಿನಾಲೂ ಗ್ರಂಥಾಲಯದಲ್ಲಿ ಕುಳಿತು ಪತ್ರಿಕೆ ಓದಬೇಕಾಯಿತು. ಖಾಸಗಿ ಕಾಲೇಜಿನಲ್ಲಿ ಓದಿದ ಗೆಳತಿಗೆ ಆ ಹೆಣಗಾಟ ಇರಲಿಲ್ಲ. ಅಷ್ಟು ಅನುಕೂಲ ನಿಜ.

ಆದರೆ ಬ್ಯಾಂಕ್ ನೇಮಕಾತಿ ಪರೀಕ್ಷೆಗೆ ಕೂರಲು ಬೇಕಾದುದು ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದ ಪದವಿ, ಕಾಲೇಜಿನ ಹೆಸರಲ್ಲ. ಕೆಪಿಎಸ್‌ಸಿಯದೂ ಹಾಗೆಯೇ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ಈ ನೆಲದಲ್ಲಿ ಇದನ್ನು ಹೇಳಬೇಕಾಗಿ ಬರುವುದೇ ವಿಚಿತ್ರ. ಕ್ಯಾಂಪಸ್ ಸಂದರ್ಶನದ ಬಗ್ಗೆಯೂ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ಬಿ.ಕಾಂ.ನಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಯಾವ ಕೆಲಸ, ಎಷ್ಟು ಸಂಬಳ? ಗೇಟಿನ ಮುಂದಿನ ಫ್ಲೆಕ್ಸ್‌ನಲ್ಲಿ ಇರುವ ಫೋಟೋಗಳು ಎಂಜಿನಿಯರಿಂಗ್, ಎಂಬಿಎ ವಿಭಾಗದವರದ್ದೇ ಆಗಿರಬಹುದು.

ಸಾಲದ ವಿಷಯದಲ್ಲಿಯೂ ಎಚ್ಚರ ಬೇಕು. 7.5 ಲಕ್ಷದವರೆಗಿನ ಶಿಕ್ಷಣ ಸಾಲವನ್ನು ಆಸ್ತಿ ಅಡಮಾನವಿಲ್ಲದೆ ಪಡೆಯುವ ವ್ಯವಸ್ಥೆ ಇರುವುದು ನಿಜ. ಆದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಸಹಾಯಧನ ಯೋಜನೆ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುವವರಿಗೆ ಮಾತ್ರ. ಸಾಮಾನ್ಯ ಬಿ.ಕಾಂ.ಗೆ ಸಾಲ ಮಾಡಿದರೆ ಬಡ್ಡಿ ಪೂರ್ತಿಯಾಗಿ ನಿಮ್ಮ ತಲೆಗೇ ಬರುತ್ತದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಕೂಡ ಅದಕ್ಕೆಂದು ಆಯ್ದ ಉನ್ನತ ಶ್ರೇಣಿಯ ಸಂಸ್ಥೆಗಳಿಗೆ ಸೀಮಿತ. ಎಂಜಿನಿಯರಿಂಗಿಗೆ, ನರ್ಸಿಂಗಿಗೆ ಸಾಲ ಮಾಡುವುದು ಬೇರೆ ಮಾತು. ಬಿ.ಕಾಂ.ಗಾಗಿ ಎರಡು ಲಕ್ಷ ಸಾಲ ಮಾಡುವುದನ್ನು, ಸಾಲದ ಕಡತಗಳನ್ನು ದಿನವೂ ನೋಡುವ ನಾನು ಒಪ್ಪಲಾರೆ.

ಕಿನ್ನಿಗೋಳಿಯ ತಾಯಿ

ಯಾರೂ ಬಸ್ಸಿನ ವಿಷಯ ತೆಗೆಯಲಿಲ್ಲ. ಶುಲ್ಕ ವರ್ಷಕ್ಕೊಮ್ಮೆ ಕಟ್ಟುವುದು, ಬಸ್ಸಿನ ಹಣ ದಿನಾ ಬೆಳಗ್ಗೆ ಕೈಯಿಂದ ಹೋಗುವುದು. ಘಟ್ಟದ ಮೇಲಿನವರು ‘ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೇ’ ಎಂದು ಕೇಳುತ್ತಾರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚಿನ ಊರುಗಳಿಗೆ ಹೋಗುವುದು ಖಾಸಗಿ ಬಸ್ಸು. 2023ರ ಜೂನ್‌ನಲ್ಲಿ ಶುರುವಾದ ಆ ಯೋಜನೆ ಕೆಎಸ್‌ಆರ್‌ಟಿಸಿಯಂಥ ಸರಕಾರಿ ಬಸ್ಸಿಗೆ ಮಾತ್ರ; ಕಿನ್ನಿಗೋಳಿಯಿಂದ ಮಂಗಳೂರಿಗೆ ಹೋಗಿಬರುವ ನನ್ನ ಮಗಳಿಗೆ ಅದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೇ. ಖಾಸಗಿ ಬಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾದರೂ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರು ಕಾರ್ಡು ನೋಡಿ ಮುಖ ಸಿಂಡರಿಸುವುದೂ ಇದೆ.

ನಿಮಗೆ ಒಂದು ಅನುಕೂಲವಿದೆ. ಬಿ.ಸಿ.ರೋಡಿನಿಂದ ಮಂಗಳೂರಿಗೆ ಧರ್ಮಸ್ಥಳ, ಪುತ್ತೂರು ಕಡೆಯ ಕೆಎಸ್‌ಆರ್‌ಟಿಸಿ ಬಸ್ಸುಗಳು ಬೇಕಾದಷ್ಟಿವೆ. ಸಜೀಪದಿಂದ ಬಿ.ಸಿ.ರೋಡಿನವರೆಗಿನ ಖರ್ಚು ಮಾತ್ರ ಕೈಯಿಂದ ಹೋಗುತ್ತದೆ. ಆದರೆ ಸಮಯದ ಲೆಕ್ಕವನ್ನೂ ಹಾಕಿ. ಕಾಮಾಜೆಗೆ ಹೋದರೆ ಹುಡುಗಿ ಸಂಜೆ ಬೆಳಕಿರುವಾಗಲೇ ಮನೆಯಲ್ಲಿರುತ್ತಾಳೆ. ಮಂಗಳೂರಿಗೆ ಹೋದರೆ, ಅದೂ ಆಟಿ ತಿಂಗಳ ಮಳೆಯಲ್ಲಿ, ಒದ್ದೆ ಬಟ್ಟೆಯಲ್ಲಿ ನಿಂತು ಬಂದು, ಊಟ ಮಾಡಿ ಪುಸ್ತಕ ತೆರೆಯುವಾಗ ಕಣ್ಣು ಮುಚ್ಚಿಹೋಗುತ್ತದೆ. ಸಿಎ ಓದುವವಳಿಗೆ ದಿನಕ್ಕೆ ಎರಡು ಗಂಟೆ ಸಣ್ಣ ಸಂಗತಿಯಲ್ಲ. ನನ್ನ ಮಗಳು ಮೊದಲ ವರ್ಷ ಹಾಗೆ ಕಷ್ಟಪಟ್ಟು, ಆಮೇಲೆ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಸೇರಿದಳು. ಊಟ ಚೆನ್ನಾಗಿಯೇ ಇತ್ತು, ಶುಕ್ರವಾರ ಮನೆಗೆ ಬಂದಾಗ ಮಾತ್ರ ಮೀನು ಸಾರಿಗಾಗಿ ಹಟ. ಮಂಗಳೂರಿನಲ್ಲಿ ಸೇರಿಸುವುದಾದರೆ ಹಾಸ್ಟೆಲಿಗೆ ಆನ್‌ಲೈನ್ ಅರ್ಜಿಯನ್ನು ಕಾಲೇಜು ಸೇರಿದ ತಕ್ಷಣ ಹಾಕಿ.

ವಿದ್ಯಾರ್ಥಿವೇತನ ವಿಭಾಗದ ಗುಮಾಸ್ತೆ

ನಾನು ಕಾಲೇಜೊಂದರ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡಿಕೊಳ್ಳುತ್ತೇನೆ. ಪೋಷಕರು ಸಾಮಾನ್ಯವಾಗಿ ಎಲ್ಲ ಯೋಜನೆಗಳ ಮೊತ್ತವನ್ನು ಕೂಡಿಸಿ, ಅದನ್ನು ಶುಲ್ಕದಿಂದ ಕಳೆದು, ಉಳಿದುದನ್ನು ತಾವು ಕಟ್ಟಿದರೆ ಸಾಕು ಎಂದುಕೊಳ್ಳುತ್ತಾರೆ. ಈ ಲೆಕ್ಕ ಎರಡು ಕಾರಣಗಳಿಂದ ನಿಲ್ಲುವುದಿಲ್ಲ.

ಒಂದು, ಹೆಚ್ಚಿನ ಯೋಜನೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದನ್ನು ಪಡೆದರೆ ಇನ್ನೊಂದು ಸಿಗದು. ಈ ಹುಡುಗಿಯ ವಿಷಯವನ್ನೇ ನೋಡೋಣ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯ ಕೊಡುವ ಸಹಾಯಧನ ಪದವಿಗೆ ವರ್ಷಕ್ಕೆ 6,000 ರೂಪಾಯಿ, ವೃತ್ತಿಪರ ಕೋರ್ಸಿಗೆ 25,000 ರೂಪಾಯಿ. ಅದಕ್ಕೆ ತಾಯಿಯ ಹೆಸರಿನ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ಪಿಯುಸಿ ಮಂಡಳಿಯ ಪರೀಕ್ಷೆಯಲ್ಲಿ ತನ್ನ ವಿಭಾಗದ 80ನೆಯ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂದರೆ ಮೇಲಿನ ಶೇ. 20 ಮಂದಿಯಲ್ಲಿ ಒಬ್ಬರಾಗಿದ್ದು), ಕುಟುಂಬದ ಆದಾಯ 4.5 ಲಕ್ಷದೊಳಗಿದ್ದವರಿಗೆ ಕೇಂದ್ರ ವಲಯದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಇದೆ; ಅದು ಪದವಿಯ ಮೂರು ವರ್ಷ ತಲಾ 12,000 ರೂಪಾಯಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಹಿಂದುಳಿದ ವರ್ಗದವರಿಗೆ ಶುಲ್ಕ ಮರುಪಾವತಿ ಇದೆ. ಹಾಸ್ಟೆಲ್ ಸಿಗದೆ ಹೊರಗೆ ಉಳಿದು ಓದುವವರಿಗೆ, ನಿಯಮಗಳಿಗೆ ಒಳಪಟ್ಟು, ಊಟ, ವಸತಿಗೆಂದು ವಿದ್ಯಾಸಿರಿ ಸಹಾಯಧನ ಇದೆ. ಪಿಎಂ-ಯುಎಸ್‌ಪಿ ಪಡೆಯುವವರು ರಾಜ್ಯದ ಶುಲ್ಕ ಮರುಪಾವತಿಯನ್ನಾಗಲಿ ಬೇರೆ ವಿದ್ಯಾರ್ಥಿವೇತನವನ್ನಾಗಲಿ ಪಡೆಯುವಂತಿಲ್ಲ.

ಇದರಿಂದ ಯಾವ ಕಾಲೇಜು ಎಂಬ ಪ್ರಶ್ನೆಗೂ ಯಾವ ವಿದ್ಯಾರ್ಥಿವೇತನ ಎಂಬ ಪ್ರಶ್ನೆಗೂ ನಂಟು ಬೀಳುತ್ತದೆ. ಸರಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇರುವುದರಿಂದ ಅಲ್ಲಿ ಮರುಪಾವತಿ ಮಾಡಿಸಿಕೊಳ್ಳಲು ದೊಡ್ಡ ಮೊತ್ತವೇ ಇರುವುದಿಲ್ಲ. ಅಂಥಲ್ಲಿ ಪಿಎಂ-ಯುಎಸ್‌ಪಿಯ 12,000 ರೂಪಾಯಿ ಹೆಚ್ಚುಕಡಿಮೆ ಇಡಿಯಾಗಿ ಕೈಗೆ ಉಳಿಯುತ್ತದೆ. ಪುಸ್ತಕ, ಬಸ್ಸು, ಐಸಿಎಐ ನೋಂದಣಿಗೆ ಒದಗುತ್ತದೆ. ಅದೇ 12,000 ರೂಪಾಯಿ 72,000ದ ಎದುರು ಒಂದು ಕಂತಿಗೂ ಸಾಲದು.

ಎರಡನೆಯ ಕಾರಣ ಸಮಯ. ಶುಲ್ಕವನ್ನು ಜೂನ್, ಜುಲೈ ತಿಂಗಳಲ್ಲಿ ಕಟ್ಟಬೇಕು, ವಿದ್ಯಾರ್ಥಿವೇತನ ಬರುವುದು ಶೈಕ್ಷಣಿಕ ವರ್ಷ ಮುಗಿಯುತ್ತಾ ಬಂದಾಗ, ಕೆಲವೊಮ್ಮೆ ಮುಗಿದ ಮೇಲೆ. ಕೊನೆಗೆ ಬರುತ್ತದೆ, ಆದರೆ ಬರುವವರೆಗೆ ಕಾಯುವ ಶಕ್ತಿ ಮನೆಗೆ ಇರಬೇಕು. ಆದ್ದರಿಂದ ನಾನು ಪೋಷಕರಿಗೆ ಹೇಳುವುದು ಇಷ್ಟೇ: ಒಂದು ರೂಪಾಯಿ ವಿದ್ಯಾರ್ಥಿವೇತನವೂ ಬರುವುದಿಲ್ಲ ಎಂದುಕೊಂಡು, ಮೊದಲ ವರ್ಷದ ಪೂರ್ತಿ ಖರ್ಚನ್ನು ಸಾಲವಿಲ್ಲದೆ ಹೊರಲು ಆಗುವ ಕಾಲೇಜು ಯಾವುದೋ ಅಲ್ಲಿಗೆ ಸೇರಿಸಿ. ಬಂದ ಹಣ ಎರಡನೆಯ ವರ್ಷಕ್ಕಾಯಿತು.

ನನ್ನ ಮೇಜಿನ ಮೇಲೆ ಅತಿ ಹೆಚ್ಚು ಅರ್ಜಿಗಳು ತಿರಸ್ಕೃತವಾಗುವುದು ಬಡತನದ ಪ್ರಶ್ನೆಯಿಂದಲ್ಲ, ಹೆಸರಿನ ಇನಿಷಿಯಲ್‌ನಿಂದ. ಆಧಾರಿನಲ್ಲಿ ಒಂದು ರೀತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಮಾಡಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ತೆಗೆಸಿ, ಅದರ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರಕಾರದ ಹಣ ಯಾವ ಖಾತೆಗೆ ಎಂಬ ಗುರುತು) ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು; ಹಣ ಮಂಜೂರಾಗಿಯೂ ಖಾತೆಗೆ ಬಾರದೆ ಹಿಂದಿರುಗುವುದು ಹೆಚ್ಚಾಗಿ ಇದರಿಂದಲೇ.

ಪುತ್ತೂರಿನ ಓದುಗ

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ, ಎಂಜಿನಿಯರ್ ಆಗಬೇಕೆನ್ನುತ್ತಾನೆ. ಮನೆಯ ಸ್ಥಿತಿ ಸಜೀಪದವರದ್ದಕ್ಕಿಂತ ಬೇರೆಯಲ್ಲ. ಪಿಯುಸಿಯೋ ಡಿಪ್ಲೊಮಾವೋ?

ನಿವೃತ್ತ ಉಪನ್ಯಾಸಕ, ಉಡುಪಿ

ಇದಕ್ಕೆ ಬೇರೆಯೇ ಚರ್ಚೆ ಬೇಕು, ಆದರೂ ಚುಟುಕಾಗಿ ಹೇಳುತ್ತೇನೆ. ಖಾಸಗಿ ಪಿಯು ಕಾಲೇಜಿನ ಸಿಇಟಿ, ನೀಟ್ ಕೋಚಿಂಗ್‌ನ ಖರ್ಚು ಕೆಲವೊಮ್ಮೆ ಪದವಿಯ ಖರ್ಚನ್ನೂ ಮೀರುತ್ತದೆ. ಕದ್ರಿ ಗುಡ್ಡದ ಮೇಲಿರುವ ಕರ್ನಾಟಕ ಸರಕಾರಿ ಪಾಲಿಟೆಕ್ನಿಕ್ 1946ರಿಂದ ನಡೆಯುತ್ತಿದೆ. ಅಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು, ಮನೆಯಲ್ಲಿ ಕಷ್ಟವಾದರೆ ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೂ ಹೋಗಬಹುದು. ಪಿಯುಸಿ ಮೂಲಕವೇ ಹೋಗುವುದಾದರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಸೀಟುಗಳ ಬಗ್ಗೆ ತಿಳಿದಿರಿ: ಕುಟುಂಬದ ಆದಾಯ 8 ಲಕ್ಷದೊಳಗಿದ್ದವರಿಗೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ, ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಆ ಎರಡು ಮೀಸಲಾತಿಗಳ ಪ್ರಮಾಣಪತ್ರಗಳನ್ನು ಶಾಲೆಯಿಂದ ಮೊದಲೇ ಮಾಡಿಸಿಡಿ. ಕೇಂದ್ರ ಸರಕಾರದ ಎಂಜಿನಿಯರಿಂಗ್ ಸಂಸ್ಥೆಯಾದ ಸುರತ್ಕಲ್ ಎನ್‌ಐಟಿಕೆಯಲ್ಲಿ ಸೀಟು ಸಿಕ್ಕರೆ, ಆದಾಯ ಒಂದು ಲಕ್ಷದೊಳಗಿನವರಿಗೆ ಬೋಧನಾ ಶುಲ್ಕ ಪೂರ್ತಿ ಮನ್ನಾ, ಐದು ಲಕ್ಷದವರೆಗಿನವರಿಗೆ ಮೂರರಲ್ಲಿ ಎರಡು ಪಾಲು ಮನ್ನಾ. ನಮ್ಮ ಕಣ್ಣೆದುರಿನ ಅತಿ ದೊಡ್ಡ ಕಾಲೇಜು ಬಡವರಿಗೆ ಅತಿ ಅಗ್ಗದ ಕಾಲೇಜೂ ಆಗಬಲ್ಲದು ಎಂಬುದು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಉಪ್ಪಿನಂಗಡಿಯ ಹುಡುಗಿ

ನನಗೆ ಆದುದನ್ನು ಹೇಳಿದರೆ ಸಜೀಪದ ಅಣ್ಣನಿಗೆ ಉಪಯೋಗವಾದೀತು. ಅವಸರದಲ್ಲಿ ಖಾಸಗಿ ಕಾಲೇಜೊಂದಕ್ಕೆ ಸೇರಿ, ಎರಡು ವಾರದೊಳಗೆ ಅನುದಾನಿತ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು ಬಿಡಲು ಹೋದಾಗ, ಮೂರು ವರ್ಷದ ಶುಲ್ಕ ಕಟ್ಟಿದರೆ ಮಾತ್ರ ಅಂಕಪಟ್ಟಿ ಮತ್ತು ಟಿಸಿ ಕೊಡುತ್ತೇವೆ ಎಂದರು. ಮೂಲ ದಾಖಲೆಗಳನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿಯ ನಿಯಮವಿದೆ. ಶುಲ್ಕ ಹಿಂದಿರುಗಿಸುವುದಕ್ಕೂ ಹಂತಗಳಿವೆ: ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ, ಆಮೇಲೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಅರ್ಧ, ಅದರಾಚೆ ಏನೂ ಇಲ್ಲ. ಈ ನಿಯಮವನ್ನು ಮುದ್ರಿಸಿಕೊಂಡು ಹೋಗಿ, ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡ ಮೇಲೆಯೇ ನನ್ನ ದಾಖಲೆಗಳು ಹೊರಬಂದವು. ಹಣದಲ್ಲಿ ಒಂದು ಭಾಗಕ್ಕೆ ರಸೀದಿಯೇ ಇರಲಿಲ್ಲವಾದ್ದರಿಂದ ಅದು ಹೋದದ್ದು ಹೋಯಿತು. ರಸೀದಿ ಕೊಡದ ಯಾವ ಹಣವನ್ನೂ, ಅದಕ್ಕೆ ಬಿಲ್ಡಿಂಗ್ ಫಂಡ್ ಎಂದು ಹೆಸರಿಟ್ಟರೂ ಇನ್ನೇನೆಂದರೂ, ಕೊಡಬೇಡಿ.

ಸಜೀಪದ ಅಣ್ಣ

ಎಲ್ಲರಿಗೂ ಧನ್ಯವಾದ. ಎರಡು ದಿನ ರಜೆ ಹಾಕಿ ಕಾಲೇಜುಗಳಿಗೆ ಹೋಗಿ ಬಂದೆ. ಅನುದಾನಿತ ಕಾಲೇಜಿನಲ್ಲಿ ಉಪನ್ಯಾಸಕರು ಹೇಳಿದಂತೆಯೇ ಹೆಸರು ಹೇಳಿ ಕೇಳಿದೆ. ಕಿಟಕಿಯಲ್ಲಿದ್ದವರು ಮೊದಲು ಕೊಟ್ಟ ಶುಲ್ಕಪಟ್ಟಿ ಅನುದಾನರಹಿತ ಸೆಕ್ಷನ್‌ನದ್ದಾಗಿತ್ತು. ಮತ್ತೆ ಕೇಳಿದಾಗ ಒಳಗಿನಿಂದ ಇನ್ನೊಂದು ಹಾಳೆ ತಂದುಕೊಟ್ಟರು. ಅದರಲ್ಲಿದ್ದ ಒಟ್ಟು ಮೊತ್ತ ಮೊದಲ ಹಾಳೆಯದರ ಮೂರನೆಯ ಒಂದು ಪಾಲೂ ಇಲ್ಲ. ಮೊದಲ ಪಟ್ಟಿಯಲ್ಲಿ ಹೆಸರು ಬರುವ ಸಾಧ್ಯತೆ ಇದೆ ಎಂದರು. ಕಾಮಾಜೆಯಲ್ಲಿ ಎರಡನೆಯ ವರ್ಷದ ಹುಡುಗಿಯರನ್ನು ತಂಗಿಯೇ ಮಾತನಾಡಿಸಿದಳು. ವಾಣಿಜ್ಯ ವಿಭಾಗದಲ್ಲಿ ಪಾಠ ನಡೆಯುತ್ತದೆ, ಒಂದು ವಿಷಯಕ್ಕೆ ಮಾತ್ರ ಕಳೆದ ವರ್ಷ ತಡವಾಯಿತು ಎಂದರಂತೆ. ಅಲ್ಲಿಂದ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಅವಳೇ, ‘ಅಣ್ಣಾ, ಸಿಎ ಫೌಂಡೇಶನ್ ಓದಲು ಇಲ್ಲಿಂದಾದರೆ ಸಮಯ ಸಿಗುತ್ತದೆ’ ಎಂದಳು. ನಾನು ಅನುದಾನಿತದ ಕಡೆ, ಅವಳು ಕಾಮಾಜೆಯ ಕಡೆ. ಎರಡರಲ್ಲಿ ಯಾವುದಾದರೂ ಸರಿ, ಖಾಸಗಿ ಪ್ಯಾಕೇಜ್ ಬೇಡ ಎಂಬುದು ತೀರ್ಮಾನವಾಗಿದೆ. ಶನಿವಾರ ನಾವು ಹಣ ಕಟ್ಟಲಿಲ್ಲ, ಸೋಮವಾರ ಅವರೇ ಫೋನ್ ಮಾಡಿ ಸೀಟು ಇನ್ನೂ ಇದೆ ಎಂದರು.

ಅಮ್ಮನ ಪಿಎಫ್ ಬಗ್ಗೆ ಯಾರೂ ನೇರವಾಗಿ ಹೇಳಲಿಲ್ಲ. ಪಿಎಂ-ಯುಎಸ್‌ಪಿ ಅರ್ಜಿಯನ್ನು ನಾವೇ ಹಾಕಬಹುದೇ?

ಕಾರ್‌ಸ್ಟ್ರೀಟ್‌ನ ಹಳೆಯ ವಿದ್ಯಾರ್ಥಿನಿ

ಮಕ್ಕಳ ಉನ್ನತ ಶಿಕ್ಷಣಕ್ಕೆ ಪಿಎಫ್‌ನಿಂದ ಮುಂಗಡ ತೆಗೆಯಲು ಅವಕಾಶವಿದೆ, ಅದನ್ನು ತಪ್ಪೆನ್ನಲಾರೆ. ಆದರೆ ಬೀಡಿ ಕಟ್ಟುವವರಿಗೆ ಕಣ್ಣು, ಕೈ ಸೋತ ಮೇಲೆ ಉಳಿಯುವುದು ಆ ಹಣವೊಂದೇ. ಈಗ ನೀವು ಹೇಳುತ್ತಿರುವ ಎರಡು ಕಾಲೇಜುಗಳಿಗೆ ಅದನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ. ನಿಮ್ಮ ಸಂಬಳದಿಂದ ದಿನಕ್ಕೆ ಇಷ್ಟೆಂದು ಸೊಸೈಟಿಯಲ್ಲಿ ಪಿಗ್ಮಿ ಕಟ್ಟಿದರೆ ಮುಂದಿನ ವರ್ಷದ ಶುಲ್ಕ ಅದರಲ್ಲೇ ಆಗುತ್ತದೆ. ಪಿಎಫ್ ಅನ್ನು ಸಿಎ ಇಂಟರ್‌ಮೀಡಿಯೆಟ್ ಹಂತದವರೆಗೆ ಕೈಬಿಡದೆ ಇಟ್ಟುಕೊಳ್ಳಿ. ಆಗ ನಿಜವಾಗಿ ಬೇಕಾದರೆ ನೋಡೋಣ. ಉಡುಪಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಯಕ್ಷಗಾನ ಕಲಾರಂಗದ ವಿದ್ಯಾಪೋಷಕ್ ಯೋಜನೆಯನ್ನು ವಿಚಾರಿಸಬಹುದು. ಅವರು ವಿದ್ಯಾರ್ಥಿಯ ಮನೆಗೇ ಬಂದು ಸ್ಥಿತಿ ನೋಡಿ ಸಹಾಯ ಮಾಡುತ್ತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿ ಅಮ್ಮ ಸದಸ್ಯರಾಗಿದ್ದರೆ ಸುಜ್ಞಾನನಿಧಿ ವಿದ್ಯಾರ್ಥಿವೇತನದ ಬಗ್ಗೆ ಸೇವಾಪ್ರತಿನಿಧಿಯನ್ನು ಕೇಳಿ. ಅದು ಮುಖ್ಯವಾಗಿ ವೃತ್ತಿಪರ ಕೋರ್ಸುಗಳಿಗೆ ಎಂಬುದು ನೆನಪಿರಲಿ. ನಿಮ್ಮ ಸಮುದಾಯದ ಸಂಘದವರೂ ಪ್ರತಿವರ್ಷ ಅರ್ಜಿ ಕರೆಯುತ್ತಾರೆ, ಅದರಲ್ಲಿ ಸಂಕೋಚ ಬೇಡ.

ವಿದ್ಯಾರ್ಥಿವೇತನ ವಿಭಾಗದ ಗುಮಾಸ್ತೆ

ಪಿಎಂ-ಯುಎಸ್‌ಪಿ ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ವಿದ್ಯಾರ್ಥಿನಿಯೇ ಹಾಕಬೇಕು, ಫೋನಿನಲ್ಲಿಯೂ ಆಗುತ್ತದೆ. ಆದರೆ ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ. ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಅರ್ಜಿಯ ಪ್ರತಿ, ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಹಿಡಿದುಕೊಂಡು ಕಚೇರಿಗೆ ಬರಲಿ, ಕೊನೆಯ ದಿನದವರೆಗೆ ಕಾಯದಿರಲಿ. ಮುಂದಿನ ವರ್ಷ ನವೀಕರಣಕ್ಕೆ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಇರಬೇಕು. ಕಾಮಾಜೆಗೆ ಸೇರುವುದಾದರೆ ಮೊದಲು ಯುಯುಸಿಎಂಎಸ್‌ ಎಂಬ ಪದವಿ ಪ್ರವೇಶದ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿ ಆಗಲಿ; ಅಲ್ಲಿ ಬರೆಯುವ ಹೆಸರಿನಲ್ಲಿ ತಂದೆಯ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಆಧಾರ್ ಕಾರ್ಡನ್ನು ಎದುರಿಟ್ಟುಕೊಂಡೇ ತುಂಬಿಸಿ.